ಮೊಮ್ಮಗಳ ಸಾಲಿ ಲೈಬ್ರರಿ: ಕಥೀ ಭಾಳ ಛಲೋ, ಸ್ಟಾರ್ ಚಾರ್ಟ್ ಮಾತ್ರ ಬ್ಯಾಡ

ಮೊದಲ ಮಾರ್ಕ್ಸ್ ಹೇಳಿಬಿಡ್ತೀನಿ, 5ಕ್ಕ 3.5 ಕೊಡ್ತೀನಿ. ಅದರಾಗ 3 ಅಲ್ಲಿ ಇರೋ ಲೈಬ್ರರಿ ತಾಈಗೆ (ತಾಈ ಅಂದ್ರ ಮರಾಠಿಯಾಗ ಅಕ್ಕ, ಲೈಬ್ರರಿ ನೋಡಿಕೊಳ್ಳೋ ಟೀಚರ್), ಉಳಿದ ಅರ್ಧಾ ಕಪಾಟಿಗೆ. ಕಡದಿದ್ದು ಒಂದೂವರಿ ಯಾಕ ಅಂತ ಮುಂದ ಬರ್ತದ.

ಪುಣೇದಾಗ ಕೊತ್ರೂಡ್ ಕಡೆಗಿನ ಒಂದು ಪ್ರೈವೇಟ್ ಸಾಲಿ, ಇಂಗ್ಲಿಷ್ ಮೀಡಿಯಮ್. ಹೆಸರು ಬರಿಯೂದಿಲ್ಲ ಯಾಕಂದ್ರ ಮೊಮ್ಮಗಳು ಇನ್ನೂ ಅಲ್ಲೇ ಮೂರನೇತ್ತ ಓದ್ಲಿಕ್ಕತ್ತಾಳ, ಮತ್ತ ಮಗಳು "ಅವ್ವಾ, ಏನರ ಬರಿ, ಸಾಲಿ ಹೆಸರು ಮಾತ್ರ ಹಾಕಬ್ಯಾಡ" ಅಂತ ಮೊದಲ ತಾಕೀತು ಮಾಡ್ಯಾಳ. ಸಾಲಿ ಫೀ, ಬಸ್ಸು, ಕ್ಯಾಂಟೀನು ಇವೆಲ್ಲಾ ನನಗ ಗೊತ್ತಿಲ್ಲ, ನಾ ಹೇಳೋದು ಬರೇ ಒಂದನೇತ್ತದಿಂದ ನಾಕನೇತ್ತದ ತನಕಾ ಇರೋ ಸಣ್ಣವರ ಲೈಬ್ರರಿ ಬಗ್ಗೆ, ಅಲ್ಲೆ ಏನೇನು ಓದಸ್ತಾರ, ಏನೇನು ಮಾಡಸ್ತಾರ ಅಂತ. ನಾ ಧಾರವಾಡ ಜಿಲ್ಲಾದಾಗ ಸರ್ಕಾರಿ ಪ್ರಾಥಮಿಕ ಸಾಲಿ ಟೀಚರ್ ಆಗಿ ರಿಟೈರ್ ಆದಾಕಿ, ಹಿಂಗಾಗಿ ಟೀಕಾ ಸ್ವಲ್ಪ ಜಾಸ್ತಿ ಅನಿಸಿದ್ರ ಹಳೇ ಚಟಾ ಅಂತ ತಿಳಕೊಂಡು ಬಿಟ್ಟುಬಿಡ್ರಿ.

ಖೋಲಿ ಗ್ರೌಂಡ್ ಫ್ಲೋರ್‌ನ್ಯಾಗ ಅದ. ಕಪಾಟೆಲ್ಲಾ ಗಿಡ್ಡವು, ಒಂದನೇತ್ತದ ಕೂಸು ಕೈ ಚಾಚಿದ್ರ ಮ್ಯಾಲಿನ ಹಲಗಿ ಸಿಗ್ತದ. ಸಣ್ಣವರ ಪುಸ್ತಕ ಬೆನ್ನು ತೋರಿಸಿ ಜೋಡಿಸಿಲ್ಲ, ಮುಖಪುಟ ಕಾಣೋಹಂಗ ನಿಲ್ಲಿಸ್ಯಾರ. ಇದು ಸಣ್ಣ ವಿಷಯ ಅನ್ನಬ್ಯಾಡ್ರಿ, ಓದ್ಲಿಕ್ಕೆ ಇನ್ನೂ ಬರದ ಹುಡುಗೂರು ಪುಸ್ತಕ ಆರಿಸೋದು ಚಿತ್ರಾ ನೋಡೇ ಅಲ್ಲೇನು, ಬೆನ್ನಿನ ಮ್ಯಾಲಿನ ಸಣ್ಣ ಅಕ್ಷರಾ ಅವಕ್ಕ ಏನು ತಿಳೀತದ. ಕೆಳಗ ಜಮಖಾನಿ, ಕಿಡಕಿ ಕಡೆ ಎರಡು ಲೋಡು, ಬೆಳಕು ಛಲೋ, ಫ್ಯಾನು ಮಾತ್ರ ಗರಗರ ಅಂತದ. ಗೋಡಿಗೆ ಕಾರ್ಟೂನ್ ಬಳದಿಲ್ಲ, ಅದಕ್ಕ ನನ್ನ ಕಡಿಂದ ಒಂದು ಎಕ್ಸ್‌ಟ್ರಾ ನಮಸ್ಕಾರ.

ನಮ್ಮ ಕಾಲದ ಸಾಲಿ ಲೈಬ್ರರಿ ಅಂದ್ರ ಏನಿತ್ತು ಹೇಳ್ರಿ. 1987ರಾಗ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಅಂತ ಕೇಂದ್ರ ಸರ್ಕಾರದ ಯೋಜನಾ ಬಂತು, ಸಾಲಿಗೆ ಎರಡು ಖೋಲಿ ಇಬ್ಬರು ಟೀಚರ್ ಇರಬೇಕು, ಆಟದ ಸಾಮಾನು ನಕಾಶಿ ಪುಸ್ತಕ ಎಲ್ಲಾ ಇರಬೇಕು ಅಂತ. ಪುಸ್ತಕಾನೂ ಬಂದ್ವು. ಆದ್ರ ಎಷ್ಟೋ ಸಾಲ್ಯಾಗ ಅವು ಟ್ರಂಕಿನ್ಯಾಗ ಹೋಗಿ ಕೂತು ಕೀಲಿ ಬಿತ್ತು, ಯಾಕಂದ್ರ ಸ್ಟಾಕ್ ರಿಜಿಸ್ಟರ್‌ನ್ಯಾಗ ಎಂಟ್ರಿ ಆಗ್ಯಾವ, ನಾಳೆ ಒಂದು ಹರಿದ್ರ ಒಂದು ಕಳದ್ರ ಹೆಡ್‌ಮಾಸ್ತರು ಉತ್ತರಾ ಕೊಡಬೇಕು, ಆಮ್ಯಾಲೆ ಯಾರು ಯಾರಿಗೆ ಓದ್ಲಿಕ್ಕೆ ಕೊಡ್ತಾರ್ರಿ. ಇನ್ಸ್‌ಪೆಕ್ಷನ್ ಬಂದಾಗ ತಗದು ಧೂಳ ಝಾಡಿಸಿ ಇಡೋದು, ಮತ್ತ ಒಳಗ. ಪುಸ್ತಕ ಹೊಸಾವು ಇದ್ದಂಗ ಹಳೇವು ಆದ್ವು.

ಅದಕ್ಕ ಈ ಸಾಲ್ಯಾಗ ಮೊದಲ ನೋಡಿದ್ದು ಪುಸ್ತಕ ಎಷ್ಟು ಹರಿದಾವ ಅಂತ. ಹರಿದಾವ್ರಿ, ಛಲೋ ಹರಿದಾವ, ಟೇಪು ಹಚ್ಚ್ಯಾರ, ಮೂಲ್ಯಾಗ ಹೊಲಿಗಿ ಹಾಕ್ಯಾರ. ನಾಕನೇತ್ತದ ಹುಡುಗೂರು "ಪುಸ್ತಕ ದವಾಖಾನಿ" ಅಂತ ಒಂದು ಟೇಬಲ್ ನಡಸ್ತಾರ, ಗೋಂದು, ಬ್ರಷ್ಷು, ಹಳೇ ಕ್ಯಾಲೆಂಡರಿನ ದಪ್ಪ ಹಾಳಿ ಇಟ್ಟಕೊಂಡು ರಿಪೇರಿ ಮಾಡ್ತಾರ. ಗೋಡಿ ಮ್ಯಾಲೆ ರಂಗನಾಥನ್ ಅವರ ಲೈಬ್ರರಿಯ ಐದು ಸೂತ್ರ ಮರಾಠಿ ಇಂಗ್ಲಿಷ್ ಎರಡರಾಗೂ ಬರದು ಹಚ್ಚ್ಯಾರ, 1931ರಾಗ ಅವರು ಬರದದ್ದು. ಮೊದಲನೇದು, ಪುಸ್ತಕ ಇರೋದು ಬಳಸಲಿಕ್ಕೆ ಅಂತ. ಈ ಮದ್ರಾಸ್ ಕಡೆಯ ಗಣಿತದ ಮಾಸ್ತರು ಲೈಬ್ರರಿಯನ್ ಆಗಿ, ಕಡೀಗೆ ನಮ್ಮ ಬೆಂಗಳೂರಿಗೆ ಬಂದು 1962ರಾಗ ಡಿಆರ್‌ಟಿಸಿ ಅಂತ ಲೈಬ್ರರಿ ವಿದ್ಯಾ ಕಲಿಸೋ ಸಂಸ್ಥಾ ಶುರು ಮಾಡಿ ಅಲ್ಲೇ ತೀರಿಕೊಂಡ್ರು ಅಂತ ತಾಈಗೆ ಹೇಳಿದೆ, ಅಕಿ "ಅಜ್ಜಿ, ಮಗ ರಂಗನಾಥನ್ ತುಮಚೇ ಅಂತ್ ಹೇಳ್ರಿ" ಅಂತ ಅರ್ಧಾ ಮರಾಠಿ ಅರ್ಧಾ ಕನ್ನಡಾ ಮಾಡಿ ನಕ್ಕಳು (ಹಂಗಾದ್ರ ರಂಗನಾಥನ್ ನಿಮ್ಮವರೇ ಅನ್ರಿ ಅಂತ ಅರ್ಥ). ಅಕಿ ತಾಯಿ ಅಕ್ಕಲಕೋಟ ಕಡ್ಯಾಕಿ, ಕನ್ನಡಾ ತಿಳೀತದ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ವಾರಕ್ಕ ಒಂದು ಲೈಬ್ರರಿ ಪಿರಿಯಡ್ ಇರ್ತದ, ಅದರ ಮೊದಲ ಹದಿನೈದು ನಿಮಿಷ ತಾಈ ಓದಿ ಹೇಳ್ತಾಳ. ಪುಸ್ತಕ ತನ್ನ ಕಡೆ ಹಿಡಕೊಂಡು ಓದಿ ಆಮ್ಯಾಲೆ ತಿರುವಿ ಚಿತ್ರಾ ತೋರಸ್ತಾರಲ್ಲ ಹಂಗಲ್ಲ, ಪುಸ್ತಕ ಹುಡುಗೂರ ಕಡೇನ ಇರ್ತದ, ತಾನು ಬಗ್ಗಿ ಓರೆಗಣ್ಣಿಲೆ ಓದ್ತಾಳ, ಅಂದ್ರ ಮನ್ಯಾಗ ಮೊದಲ ಓದಿಕೊಂಡು ಬಂದಿರ್ತಾಳ ಅಂತ ಅರ್ಥ. ಮುಖಪುಟ ತೋರಿಸಿ ಏನಿರಬಹುದು ಅಂತ ಕೇಳ್ತಾಳ. ಬರದವರ ಹೆಸರು ಹೇಳ್ತಾಳ, ಚಿತ್ರಾ ತಗದವರ ಹೆಸರೂ ಹೇಳ್ತಾಳ, ಇದನ್ನ ನಾವು ಯಾರೂ ಮಾಡ್ತಿದ್ದಿಲ್ಲ ಬಿಡ್ರಿ. ಹಾಳಿ ತಿರುವೋಕಿಂತ ಮೊದಲ ಒಂದು ಕ್ಷಣ ನಿಲ್ತಾಳ. ಆ ನಿಲ್ಲೋದರಾಗ ಎಲ್ಲಾ ಅದ ನೋಡ್ರಿ, ಎಲ್ಲಾ ಹುಡುಗೂರೂ ಮುಂದಕ್ಕ ಬಾಗ್ತಾವ, ಮೂಲ್ಯಾಗ ಕೂತು ಬೂಟಿನ ಲೇಸು ಜಗ್ಗಲಿಕ್ಕತ್ತಿದ್ದ ಹುಡುಗ ಸೈತ ತಲಿ ಎತ್ತತಾನ.

ಮತ್ತ ಕಥೀ ಮುಗದ ಮ್ಯಾಲೆ "ಇದರಿಂದ ನಾವು ಏನು ಕಲಿತ್ವಿ" ಅಂತ ಅಕಿ ಕೇಳೂದಿಲ್ಲ! ಮೂವತ್ತು ಮುಖಾ ನೋಡಿಕೋತ ಸುಮ್ನ ಕೂಡ್ತಾಳ. ಯಾರರ ಏನರ ಅಂತಾರ, "ಆ ನಾಯಿ ನಮ್ಮ ಸೊಸೈಟಿ ನಾಯಿ ಹಂಗ ಅದ" ಅಂತ, "ಆ ಅಜ್ಜಗ ಸಿಟ್ಟು ಯಾಕ ಬಂತು ಅಂತ ಬರದಿಲ್ಲಲ್ಲಾ" ಅಂತ, ಅಲ್ಲಿಂದ ಮಾತು ಹೊಂಡತದ. ಬಿ.ಎಡ್ ಡಿ.ಎಡ್ ಎಷ್ಟು ಮಾಡಿದ್ರೂ ಈ ಸುಮ್ನ ಕೂಡೋದು ಕಲಸೋದು ಕಠಿಣ. ಅಕಿ ಟಾಟಾ ಟ್ರಸ್ಟ್ಸ್‌ನವರ ಪರಾಗ್ ಅನ್ನೋ ಮಕ್ಕಳ ಸಾಹಿತ್ಯದ ವಿಭಾಗ ನಡಸೋ ಲೈಬ್ರರಿ ಎಜುಕೇಟರ್ಸ್ ಕೋರ್ಸ್ ಮಾಡ್ಯಾಳಂತ. ನೀವು ಸಾಲಿ ನೋಡ್ಲಿಕ್ಕೆ ಹೋದ್ರ ಪುಸ್ತಕ ಎಷ್ಟು ಸಾವಿರ ಅವ ಅಂತ ಕೇಳಬ್ಯಾಡ್ರಿ, ಲೈಬ್ರರಿಯಾಗ ಯಾರು ಕೂಡ್ತಾರ, ಅವರಿಗೆ ಅದೊಂದೇ ಕೆಲಸಾನೋ ಅಥವಾ ಪಿ.ಟಿ. ಸರ್‌ಗೆ ಎಕ್ಸ್‌ಟ್ರಾ ಡ್ಯೂಟಿ ಹಚ್ಯಾರೋ ಅಂತ ಕೇಳ್ರಿ.

ಉಳಿದ ಟೈಮಿನ್ಯಾಗ ಹುಡುಗೂರು ತಾವೇ ಪುಸ್ತಕ ಆರಿಸಬೇಕು. ಆರಿಸ್ಲಿಕ್ಕೆ ಐದು ಬೆರಳಿನ ಉಪಾಯ ಹೇಳಿಕೊಟ್ಟಾರ, ಯಾವುದರೆ ಒಂದು ಪುಟ ತಗಿ, ಓದು, ತಿಳೀದ ಶಬ್ದ ಬಂದಾಗೊಮ್ಮೆ ಒಂದು ಬೆರಳು ಮಡಚು, ಐದೂ ಮಡಚಿದ್ರ ಪುಸ್ತಕ ಸದ್ಯಕ್ಕ ಜಡಾ ಅದ, ಇಟ್ಟುಬಿಡು. ಇಂಗ್ಲಿಷ್ ಪುಸ್ತಕಕ್ಕ ಛಲೋನ ನಡೀತದ. ಕನ್ನಡಕ್ಕ ಮೊಮ್ಮಗಳ ಜೋಡಿ ಮಾಡಿ ನೋಡಿದೆ, ಅಷ್ಟು ಜಮಾಸೂದಿಲ್ಲ. ಯಾಕಂದ್ರ ನಮ್ಮ ಹುಡುಗೂರು ಮುಗ್ಗರಿಸೋದು ಅರ್ಥಕ್ಕಲ್ಲ, ಒತ್ತಕ್ಷರಕ್ಕ. ಮನ್ಯಾಗ ದಿನಾ ಆಡೋ ಮಾತೇ ಇರ್ತದ, ಆದ್ರ ಅಚ್ಚಿನ್ಯಾಗ ಎರಡು ಒತ್ತು ಒಂದರ ಹಿಂದ ಒಂದು ಬಂದ್ರ ನಿಂತುಬಿಡ್ತಾವ, ಜೋರಾಗಿ ಓದಿ ತೋರಿಸಿದ ಕೂಡ್ಲೆ "ಓ ಇದಾ" ಅಂತಾವ. ಅದಕ್ಕ ನಾ ತಾಈಗೆ ಕನ್ನಡ ಪುಸ್ತಕಕ್ಕ ಬೆರಳು ಎಣಿಸಬ್ಯಾಡ, ಒಂದು ಪುಟ ಜೋಡೀಲೆ ಗಟ್ಟಿಯಾಗಿ ಓದಿಸಿ ನೋಡು ಅಂದೆ. ಮರಾಠಿ ಬರೋ ಹುಡುಗೂರಿಗೆ ಒಂದು ಅನುಕೂಲಾನೂ ಅದ, ವರ್ಣಮಾಲಾ ಕ್ರಮಾ ಒಂದೇ, ಕ ಖ ಗ ಘ, ಕಾಗುಣಿತದ ಲೆಕ್ಕಾನೂ ಹೆಚ್ಚುಕಡಿಮಿ ಒಂದೇ. ನಮ್ಮ ಮೊಮ್ಮಗಳಿಗೆ ದೇವನಾಗರಿ ಬಂದ ಮ್ಯಾಲೆ ಕನ್ನಡ ಅಕ್ಷರಾ ಹೊಸದಾಗಿ ಕಲಸಬೇಕಾಗಲೇ ಇಲ್ಲ, ಆಕಾರ ಅಷ್ಟೇ ಬ್ಯಾರೆ.

ಲೆವೆಲ್ ಸ್ಟಿಕ್ಕರ್ ಬಗ್ಗೆನೂ ಇದೇ ತಕರಾರು. ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೀ ವೆಬ್‌ಸೈಟು ಸ್ಟೋರಿವೀವರ್‌ನ್ಯಾಗ ಲೆವೆಲ್ 1 ಅಂದ್ರ 250 ಶಬ್ದದೊಳಗ, ಲೆವೆಲ್ 2 ಅಂದ್ರ 250ರಿಂದ 600, ಆಮ್ಯಾಲೆ 1500ರ ತನಕಾ ಲೆವೆಲ್ 3, ಅದರ ಮ್ಯಾಲಿಂದು 4, ಹಿಂಗ ಲೆಕ್ಕ ಇರ್ತದ. ಸಾಲ್ಯಾಗ ಇದೇ ಲೆಕ್ಕಾ ಹಿಡಿದು ಎಲ್ಲಾ ಭಾಷಾ ಪುಸ್ತಕಕ್ಕೂ ಹಳದಿ ಹಸಿರು ಕೆಂಪು ಸ್ಟಿಕ್ಕರ್ ಹಚ್ಚಿಬಿಟ್ಟಾರ. ಇಂಗ್ಲಿಷಿನ್ಯಾಗ ನಾಕು ಶಬ್ದ ಆಗೋದು ನಮ್ಮಲ್ಲೆ ಒಂದೇ ಶಬ್ದ ಆಗಿ ಕೂತಿರ್ತದ, ಹೋಗಬೇಕಾಗಿತ್ತಂತ ಅನ್ನೋಹಂಗ, ಹಿಂಗಾಗಿ ಶಬ್ದ ಎಣಿಸಿದ್ರ ಸಣ್ಣ ಪುಸ್ತಕ, ಓದ್ಲಿಕ್ಕೆ ಕೂತ್ರ ದೊಡ್ಡ ಪುಸ್ತಕ. ಸ್ಟಿಕ್ಕರ್ ಬಣ್ಣ ನೋಡಿ "ನೀ ಇನ್ನೂ ಹಳದೀನ?" ಅಂತ ಹುಡುಗೂರು ಒಬ್ಬರಿಗೊಬ್ಬರು ಅನ್ನೋದೂ ಶುರು ಆಗ್ಯದ, ಅದು ನನಗ ಬಿಲ್‌ಕುಲ್ ಸೇರಲಿಲ್ಲ.

ಮೂರನೇತ್ತ ನಾಕನೇತ್ತಕ್ಕ ನಂಬರ್ ಹುಡುಕೋ ಆಟ ಅದ, ಇದು ಭಾಳ ಮಜಾ. ಚೀಟಿ ಮ್ಯಾಲೆ ಒಂದು ಡ್ಯೂಯಿ ನಂಬರ್ ಬರದಿರ್ತದ, ಹೋಗಿ ಆ ಜಾಗಾ ಹುಡುಕಬೇಕು. ಮೆಲ್ವಿಲ್ ಡ್ಯೂಯಿ 1876ರಾಗ ತಂದ ಪದ್ಧತಿ ಇದು, ಜಗತ್ತಿನ ಎಲ್ಲಾ ವಿಷಯಾ ಹತ್ತು ಭಾಗ ಮಾಡಿ ನಂಬರ್ ಕೊಟ್ಟದ್ದು. 398.2 ಜನಪದ ಕಥೀ, 520 ಆಕಾಶ ನಕ್ಷತ್ರ, 567.9 ಡೈನೋಸಾರ್, 796.358 ಕ್ರಿಕೆಟ್. ಈ ಕಡೀದು ನಂಬರ್ ಪ್ರತಿಯೊಬ್ಬ ಹುಡುಗಗೂ ಬಾಯಿಪಾಠ, ಕ್ಲಾಸ್‌ನ್ಯಾಗ ದಶಮಾಂಶ ಇನ್ನೂ ಕಲಿಸಿಲ್ಲ, ಇಲ್ಲೆ 796.35 ಮೊದಲೋ 796.358 ಮೊದಲೋ ಅಂತ ಜಗಳಾ ಆಡಿ ತಾವೇ ನಿಕಾಲಿ ಮಾಡ್ತಾವ. ರಂಗನಾಥನ್ ಅವರದೇ ಪುಸ್ತಕ ವಿಂಗಡಿಸೋ ಕೋಲನ್ ಪದ್ಧತಿ 1933ರಿಂದ ಇದ್ರೂ ನಮ್ಮ ಸಾಲ್ಯಾಗ ನಡಿಯೋದು ಅಮೆರಿಕಾದವನ ನಂಬರ್, ಇರಲಿ, ಸಣ್ಣ ಹುಡುಗೂರಿಗೆ ಕೋಲನ್ ಕೊಟ್ರ ಟೀಚರೇ ಓಡಿ ಹೋಗ್ತಾರ.

ನನಗ ಎಲ್ಲಾಕ್ಕಿಂತ ಹೆಚ್ಚು ಸೇರಿದ್ದು ಜೋಡಿ ಓದು. ನಾಕನೇತ್ತದ ಒಬ್ಬರು, ಒಂದನೇತ್ತದ ಒಬ್ಬರು, ಒಂದು ಪುಸ್ತಕ, ಇಬ್ಬರೂ ಗೋಡಿಗೆ ಆತು ಕೂತು ಓದೋದು, ದೊಡ್ಡವರು ಸಣ್ಣವರಿಗೆ ಓದಿ ಹೇಳೋದು. ಸಣ್ಣವರಿಗೆ ಲಾಭ ಅಂತ ಎಲ್ಲಾರೂ ಅಂತಾರ. ಆದ್ರ ಕೂತು ನೋಡಿದ್ರ ದೊಡ್ಡವರಿಗೆ ಆಗೋ ಲಾಭ ದೊಡ್ಡದು. ನಾಕನೇತ್ತಕ್ಕ ಬಂದ್ರೂ ಓದು ಜಮಾಸದ ಹುಡುಗೂರು ಪ್ರತಿ ಕ್ಲಾಸ್‌ನ್ಯಾಗ ಇರ್ತಾವ, ಅವಕ್ಕ ಒಂದನೇತ್ತದ ಪುಸ್ತಕ ಕೊಟ್ರ ಮಾನಾ ಹೋಗ್ತದ, ನಾಕನೇತ್ತದ್ದು ಕೊಟ್ರ ಬರೂದಿಲ್ಲ, ಹಿಂಗಾಗಿ ಏನೂ ಓದದ ಹಂಗ ಉಳೀತಾವ. ಇಲ್ಲೆ ಏನಾಗ್ತದ ಅಂದ್ರ ಸಸಾರ ಪುಸ್ತಕ ಓದ್ಲಿಕ್ಕೆ ಒಂದು ಮರ್ಯಾದಿ ಕಾರಣ ಸಿಗ್ತದ, "ಸಣ್ಣವಗ ಓದಿ ಹೇಳ್ಲಿಕ್ಕೆ ತಯಾರಿ ಮಾಡ್ಲಿಕ್ಕತ್ತೀನಿ" ಅಂತ. ಎರಡು ಮೂರು ಸಲಾ ಮೊದಲ ತಾನು ಓದಿಕೋತಾನ, ಯಾರೂ ನಗೂದಿಲ್ಲ.

ಆರ್‌ಟಿಇ ಸೀಟಿನ ಮ್ಯಾಲೆ ಬಂದ ಒಬ್ಬ ಹುಡುಗ ಇದ್ದಾನ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಪ್ರೈವೇಟ್ ಸಾಲ್ಯಾಗ 25% ಸೀಟು ಬಡ ಮನಿ ಹುಡುಗೂರಿಗೆ ಇಡಬೇಕಲ್ಲ, ಅದರಾಗ. ಮನಿಯವರು ಯಾದಗಿರಿ ಕಡೆಯವರು, ಕಟ್ಟಡದ ಕೆಲಸಕ್ಕ ಪುಣೇಕ ಬಂದವರು. ಕ್ಲಾಸ್‌ನ್ಯಾಗ ಬಾಯೇ ಬಿಡೂದಿಲ್ಲ ಅಂತ ಟೀಚರ್ ಅಂತಿದ್ರು. ಜೋಡಿ ಓದಿನ್ಯಾಗ ಅವಗ ಸಿಕ್ಕಾಕಿ ಒಂದನೇತ್ತದ ಒಂದು ವಟವಟ ಹುಡುಗಿ, ಅಕಿ ಹಾಳಿ ಹಾಳಿಗೆ "ಹೇ ಕಾಯ್? ಹೇ ಕಾಯ್?" (ಇದೇನು, ಇದೇನು) ಅಂತ ಕೇಳ್ತಾಳ, ಇವ ಉತ್ತರಾ ಕೊಡಲೇಬೇಕು. ಮರಾಠಿ ಸಿಗದಿದ್ರ ಕನ್ನಡದಾಗ ಹೇಳ್ತಾನ, ಅಕಿಗೆ ಅದೂ ನಡೀತದ! ಈಗ ಅಕಿಗೆ "ಎಮ್ಮಿ", "ಹೊಳಿ", "ಜ್ವಾಳ" ಎಲ್ಲಾ ಬರ್ತಾವ. ಇದಕ್ಕ ಸಾಲಿಯವರು ಎಷ್ಟು ಖರ್ಚು ಮಾಡ್ಯಾರ್ರಿ, ಒಂದು ರೂಪಾಯಿನೂ ಇಲ್ಲ, ಎರಡು ಕ್ಲಾಸಿನ ಟೈಮ್‌ಟೇಬಲ್ ಒಂದಕ್ಕೊಂದು ಹೊಂದಿಸ್ಯಾರ ಅಷ್ಟೇ. ಆದ್ರೂ ಇದು ತಿಂಗಳಿಗೆ ಒಮ್ಮೆ ಮಾತ್ರ, ಉಳಿದ ವಾರ "ಆಕ್ಟಿವಿಟಿ". ತಿರುವು ಮುರುವು ಇರಬೇಕಾಗಿತ್ತು.

ಆ ಆಕ್ಟಿವಿಟಿ ಅಂದೆ ಅಲ್ಲ, ಒಂದೂವರಿ ಮಾರ್ಕ್ಸ್ ಹೋಗಿದ್ದು ಇಲ್ಲೇ.

ಬಾಗಲಾ ದಾಟಿದ ಕೂಡ್ಲೆ ಒಂದು ದೊಡ್ಡ ಚಾರ್ಟು, ಎಲ್ಲಾ ಹುಡುಗೂರ ಹೆಸರು, ಒಂದು ಪುಸ್ತಕ ಓದಿದ್ರ ಒಂದು ಸ್ಟಾರು, ತಿಂಗಳ ಕೊನೀಗೆ ಹೆಚ್ಚು ಸ್ಟಾರ್ ಇದ್ದವರಿಗೆ "ರೀಡರ್ ಆಫ್ ದ ಮಂತ್" ಬ್ಯಾಡ್ಜು. ಹೆಡ್ ಮೇಡಮ್‌ಗೆ ಇದು ಭಾಳ ಪ್ರೀತಿ, ಬಂದವರಿಗೆಲ್ಲಾ ಮೊದಲ ಇದನ್ನೇ ತೋರಸ್ತಾರ. ಏನಾಗ್ತದ ನೋಡ್ರಿ. ಶಾಣ್ಯಾ ಹುಡುಗೂರು ಎಂಟು ಪುಟದ ತೆಳ್ಳನ್ನ ಪುಸ್ತಕ ಹುಡುಕಿ ಹುಡುಕಿ ಒಯ್ತಾವ. ನಮ್ಮ ಮೊಮ್ಮಗಳು ಒಂದು ದಪ್ಪ ಕಥೀ ಪುಸ್ತಕ ತಂದು ಅದರಾಗ ಮುಳುಗಿ ಹೋಗಿದ್ಲು, ಊಟಕ್ಕ ಕರದ್ರ "ಇನ್ನೊಂದು ಪುಟ ಅಜ್ಜಿ" ಅಂತಿದ್ಲು, ಆ ತಿಂಗಳು ಅಕಿಗೆ ಸ್ಟಾರು ಒಂದೇ, ಮುಂದಿನ ತಿಂಗಳು ತಾನೂ ತೆಳ್ಳಂದಕ್ಕ ಇಳದ್ಲು. ಯಾವ ಪುಸ್ತಕ ತಂದಿ ಅಂದ್ರ ಹೆಸರು ಹೇಳೂದಿಲ್ಲ, "ಏಳಾತು" ಅಂತ ನಂಬರ್ ಹೇಳ್ತಾಳ. ಮನ್ಯಾಗ ಪುಸ್ತಕ ತಿರುವಿ ಹಾಕೋ ವೇಗಾ ನೋಡಿದ್ರ ಬ್ಯಾಂಕಿನ್ಯಾಗ ನೋಟು ಎಣಿಸೋರ ನೆನಪು ಬರ್ತಿತ್ತು.

ಇದರ ಜೋಡಿ ಬುಕ್ ರಿವ್ಯೂ ನೋಟ್‌ಬುಕ್ಕು. ಪ್ರತಿ ಪುಸ್ತಕಕ್ಕ ಒಂದು ಪುಟ, ಹೆಸರು, ಬರದವರು, ಮುಖ್ಯ ಪಾತ್ರ, ಕಥೀ ಸಾರಾಂಶ, ನೀತಿ, ಐದು ಹೊಸಾ ಶಬ್ದ. ಏಳೆಂಟು ವರ್ಷದ ಕೂಸಿಗೆ! ಎಲ್ಲಾ ಹುಡುಗೂರೂ ಹಿಂದಿನ ಕವರ್ ಮ್ಯಾಲಿನ ನಾಕು ಸಾಲು ಕಾಪಿ ಹೊಡೀತಾವ, ನೀತಿ ಕಡೆ "ವಿ ಶುಡ್ ಹೆಲ್ಪ್ ಅದರ್ಸ್" ಅಂತ ಬರೀತಾವ, ಡೈನೋಸಾರ್ ಪುಸ್ತಕಕ್ಕೂ ಅದೇ ನೀತಿ. ಟೀಚರ್ ಕೆಂಪು ಪೆನ್ನಿಲೆ ಸ್ಪೆಲ್ಲಿಂಗ್ ತಿದ್ದತಾರ. ನಾನೂ ಟೀಚರ್ ಇದ್ದಾಕಿ, ಏನರ ಬರಹದ ಪುರಾವೆ ಫೈಲಿನ್ಯಾಗ ಇರಬೇಕು ಅನ್ನೋ ಒತ್ತಡ ನನಗೂ ಗೊತ್ತದ, ಮ್ಯಾಲಿನವರು ಕೇಳ್ತಾರ, ಪಾಲಕರೂ ಕೇಳ್ತಾರ. ಆದ್ರ ತಾಈ ಹದಿನೈದು ನಿಮಿಷ ಕಥೀ ಓದಿ ಗಳಿಸಿದ್ದನ್ನ ಈ ನೋಟ್‌ಬುಕ್ ಒಂದು ರಾತ್ರ್ಯಾಗ ಕಳದುಬಿಡ್ತದ. ಬೇಕಾದ್ರ ಬರಸ್ರಿ, ಒಂದು ಚಿತ್ರಾ ತಗೀ, ಅಥವಾ ಗೆಳತಿಗೆ ಈ ಪುಸ್ತಕ ಯಾಕ ಕೊಡ್ತೀ ಅಂತ ಒಂದು ಸಾಲು ಬರಿ, ಅಥವಾ ಏನೂ ಬರೀಬ್ಯಾಡ. ಕರ್ನಾಟಕದಾಗ 1995ರಾಗ ಎಚ್.ಡಿ. ಕೋಟೆ ತಾಲೂಕಿನ್ಯಾಗ ನಲಿ ಕಲಿ ಶುರು ಆದಾಗ ಹುಡುಗೂರು ತಮ್ಮ ತಮ್ಮ ವೇಗಕ್ಕ ಕಲೀಲಿ ಅಂತ ಮೆಟ್ಟಿಲು ಮಾಡಿ ಕಾರ್ಡು ಮಾಡಿದ್ರು, ಅಲ್ಲೆ ಅವನು ಎಷ್ಟು, ಇವಳು ಎಷ್ಟು ಅಂತ ಪೈಪೋಟಿ ಇದ್ದಿಲ್ಲ, ಅಷ್ಟು ಹಿಂದ ತಿಳದದ್ದು ಈಗ ಯಾಕ ಮರತಾರೋ.

ಅಕ್ಟೋಬರ್ 15ಕ್ಕ ವಾಚನ ಪ್ರೇರಣಾ ದಿನ. ಅಬ್ದುಲ್ ಕಲಾಂ ಅವರ ಹುಟ್ಟಿದ ದಿನಾ, ಮಹಾರಾಷ್ಟ್ರದ ಸಾಲ್ಯಾಗ 2015ರಿಂದ ಮಾಡ್ತಾರ. ಇಲ್ಲೂ ಮಾಡಿದ್ರು, ಬ್ಯಾನರ್, ರಂಗೋಲಿ, ಎಲ್ಲಾ ಹುಡುಗೂರನ್ನ ಅಂಗಳದಾಗ ಸಾಲಾಗಿ ಕೂಡಿಸಿ ಕೈಯಾಗ ಪುಸ್ತಕ ಕೊಟ್ಟು ಫೋಟೋ. ಬಿಸಲಿತ್ತು. ಕೆಲವರ ಪುಸ್ತಕ ತಲಿಕೆಳಗಾಗಿತ್ತು. ಮುಂದ ಹೋಗೂನು.

ತಿಂಗಳ ಎರಡನೇ ಶನಿವಾರ ಅಜ್ಜಾ ಅಜ್ಜಿ ಕಥೀ, ಯಾವ ಭಾಷಾದಾಗ ಬೇಕಾದ್ರೂ ಹೇಳಬಹುದು. ನಾನೂ ಹೋಗೀನಿ. ಕನ್ನಡದಾಗ ಹೇಳಿದ್ರ ಯಾರಿಗೆ ತಿಳೀತದ ಅಂತ ಅನುಮಾನಾ ಇತ್ತು, ಆದ್ರ ಕಾಗಕ್ಕ ಗುಬ್ಬಕ್ಕನ ಕಥೀ ತಗದೆ. ಕಾಗಕ್ಕನ ಮನಿ ಸಗಣೀದು, ಗುಬ್ಬಕ್ಕನ ಮನಿ ಕಲ್ಲಿಂದು, ಮಳಿ ಬಂತು, ಕಾಗಕ್ಕನ ಮನಿ ಕರಗಿ ಹೋತು. ಇಷ್ಟು ಹೇಳೋದ್ರಾಗ ಹುಡುಗೂರಿಗೆ ಹೊಳದುಬಿಡ್ತು, ಇದು ತಮ್ಮ ಚಿಊ ಕಾಊ (ಗುಬ್ಬಿ ಕಾಗಿ) ಕಥೀನ ಅಂತ, ಅವರಲ್ಲೆ ಚಿಊನ ಮನಿ ಮೇಣದ್ದು ಅಷ್ಟೇ ಫರಕು. ನಾ "ಗುಬ್ಬಕ್ಕ ಗುಬ್ಬಕ್ಕ ಬಾಗಲಾ ತಗಿ" ಅಂದ್ರ ಇಡೀ ಖೋಲಿ "ಥಾಂಬ್, ಮಾಝ್ಯಾ ಬಾಳಾಲಾ ಆಂಘೋಳ್ ಘಾಲ್ತೆ" ಅಂತ ಉತ್ತರಾ ಕೊಡ್ತದ! ಕೂಸಿಗೆ ಎರೀತೀನಿ, ಕಾಡಿಗಿ ಹಚ್ತೀನಿ, ಹಾಲು ಕುಡಸ್ತೀನಿ, ಒಂದೊಂದಕ್ಕೂ ಅವರು ಮರಾಠಿ ಸಾಲು, ನಾ ಕನ್ನಡ ಸಾಲು. ಮೇಣದ ಮನಿ ಮಳ್ಯಾಗ ಯಾಕ ಕರಗೂದಿಲ್ಲ, ಸಗಣಿ ಯಾಕ ಕರಗತದ ಅಂತ ಒಬ್ಬಾಕಿ ಕೇಳಿದ್ಲು, ತಾಈ ಕೂಡ್ಲೆ ಒಂದು ಮೇಣಬತ್ತಿ ಚೂರು, ಒಂದು ಒಣಗಿದ ಮಣ್ಣಿನ ಉಂಡಿ ತಂದು ನೀರಾಗ ಹಾಕಿ ತೋರಿಸಿದ್ಲು. ಸಗಣಿ ಪುಣೇದಾಗ ಎಲ್ಲೆ ತರೋದು. ಇಂಥಾದ್ದಕ್ಕ ಆಕ್ಟಿವಿಟಿ ಅನ್ರಿ, ನಾ ಬ್ಯಾಡ ಅನ್ನೂದಿಲ್ಲ, ಕಥೀಯೊಳಗಿಂದ ಎದ್ದು ಬಂದದ್ದು ಅದು.

ಕನ್ನಡ ಕಪಾಟಿನ ಬಗ್ಗೆ ಹೇಳಲೇಬೇಕು, ನಮ್ಮ ಮಂದಿ ಅದನ್ನೇ ಕೇಳ್ತಾರ. ಅದ, ಆದ್ರ ಒಂದೇ ಹಲಗಿ. ಅರ್ಧಾ ದಾನಕ್ಕ ಬಂದದ್ದು, ಯಾರೋ ಮನಿ ಖಾಲಿ ಮಾಡುವಾಗ ಕೊಟ್ಟ ಹಳೇ ಗೈಡು, ಪಂಚಾಂಗದ ಹಾಳಿ ಬಣ್ಣದ ನೀತಿಕಥೀ, ಒಂದು ಅಡಗಿ ಪುಸ್ತಕ ಸೈತ ಇತ್ತು. ದಯವಿಟ್ಟು ಸಾಲಿಗೆ ಕೊಡೋದಿದ್ರ ನಿಮ್ಮ ಕೂಸಿಗೆ ಕೊಡುವಂಥಾದ್ದು ಕೊಡ್ರಿ. ಪುಣೇದಾಗ ಅಪ್ಪಾ ಬಳವಂತ ಚೌಕಿನ್ಯಾಗ ಮರಾಠಿ ಇಂಗ್ಲಿಷ್ ಪುಸ್ತಕ ಬೇಕಾದಷ್ಟು ಸಿಗ್ತಾವ, ಕನ್ನಡದ ಮಕ್ಕಳ ಪುಸ್ತಕ ಹುಡುಕ್ಕೋತ ಹೋದ್ರ ಕಾಲು ನೋವಾಗೋದೊಂದೇ. ಮಜಾ ಏನಂದ್ರ ಸೇನಾಪತಿ ಬಾಪಟ ರೋಡಿನ ಬಾಲಭಾರತಿ ಅನ್ನೋ ಪಠ್ಯಪುಸ್ತಕ ಮಂಡಳಿಯವರು 1967ರಿಂದ ಅದಾರ, ಮಹಾರಾಷ್ಟ್ರದ ಕನ್ನಡ ಸಾಲಿಗೋಳ ಪಠ್ಯಪುಸ್ತಕ ತಯಾರಾಗೋದು ಇದೇ ಪುಣೇದಾಗ, ಜತ್ತ ಅಕ್ಕಲಕೋಟದ ಹುಡುಗೂರು ಓದೋ ಕನ್ನಡ ಪುಸ್ತಕ ನಮ್ಮ ಬಾಜೂನ ಆಗ್ತದ, ಕಥೀ ಪುಸ್ತಕ ಮಾತ್ರ ಊರಿಂದ ತರಬೇಕು. ನಾನು ಧಾರವಾಡಕ್ಕ ಹೋದಾಗ ಹೊತ್ತು ತರ್ತೀನಿ.

ಸಸಾರ ದಾರಿ ಅಂದ್ರ ಸ್ಟೋರಿವೀವರ್, 2015ರಿಂದ ಅದ, ಕನ್ನಡದಾಗ ಕಥೀ ಬೇಕಾದಷ್ಟು ಅವ, ಪುಕ್ಕಟೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ತಗೀಬಹುದು, ಲೈಸೆನ್ಸೇ ಹಂಗ ಅದ, ಹೆಸರು ಹಾಕಿ ಯಾರರೆ ಅನುವಾದ ಸೈತ ಮಾಡಬಹುದು. ತಾಈ ಇದನ್ನ ಉಪಯೋಗ ಮಾಡಿಕೊಂಡಾಳ, ಒಂದೇ ಕಥೀ ಮರಾಠಿ ಪ್ರಿಂಟು, ಕನ್ನಡ ಪ್ರಿಂಟು ಎರಡೂ ತಗದು ಜೋಡಿ ಮಾಡಿ ದಾರದಿಂದ ಹೊಲದಿಟ್ಟಾಳ, ಚಿತ್ರಾ ಒಂದೇ ಇರ್ತದ, ಹುಡುಗೂರು ಎರಡೂ ಎದುರು ಬದುರು ಇಟ್ಟು ಅಕ್ಷರಾ ಗುರ್ತು ಹಿಡೀತಾವ. ಚೆನ್ನೈದ ತುಲಿಕಾ ಪ್ರಕಾಶನದವರ ಎರಡು ಭಾಷಾದ ಪುಸ್ತಕಾನೂ ಇದೇ ಕೆಲಸಕ್ಕ ಬರ್ತಾವ, ಇಂಗ್ಲಿಷ್ ಕನ್ನಡ ಒಂದೇ ಪುಟದಾಗ. ನ್ಯಾಷನಲ್ ಬುಕ್ ಟ್ರಸ್ಟ್‌ನವು ಇನ್ನೂ ಕಡಿಮಿ ಬೆಲೀಗೆ ಸಿಗ್ತಾವ, ಹಾಳಿ ಗಟ್ಟಿ. ನಾವು ಮೂರ್ನಾಕು ಕನ್ನಡ ಮನಿಯವರು ಕೂಡಿ ಒಂದಿಷ್ಟು ತರಿಸಿ ಕೊಟ್ಟೇವಿ, ಕಪಾಟಿಗೆ ಈಗ ಸ್ವಲ್ಪ ಕಳಾ ಬಂದದ.

ಮನಿಗೆ ವಾರಕ್ಕ ಒಂದೇ ಪುಸ್ತಕ ಕೊಡ್ತಾರ, ಬಟ್ಟಿ ಚೀಲದಾಗ ಹಾಕಿ. ಒಂದು ಯಾಕಂತ ಕೇಳಿದ್ರ "ಕಳೀತಾವ" ಅಂತ ಆಫೀಸಿನವರ ಉತ್ತರಾ. ಅದಕ್ಕಿಂತ ದೊಡ್ಡ ತಕರಾರು, ದೀವಾಳಿ ಸುಟೀ ಮತ್ತ ಮೇ ತಿಂಗಳ ಸುಟೀ ಬಂದ್ರ ಎಲ್ಲಾ ಪುಸ್ತಕ ವಾಪಸ್ ಮಾಡಿಸಿಕೊಂಡು ಸ್ಟಾಕ್ ಚೆಕಿಂಗ್ ಅಂತ ಲೈಬ್ರರಿ ಬಂದ್. ಹುಡುಗೂರಿಗೆ ಓದ್ಲಿಕ್ಕೆ ವ್ಯಾಳ್ಯಾ ಸಿಗೋದೇ ಆವಾಗ, ಪುಸ್ತಕ ಸಿಗದಿರೋದೂ ಆವಾಗ. ಸುಟೀಗೆ ಐದೈದು ಪುಸ್ತಕ ಕೊಟ್ಟು ಕಳಿಸ್ರಿ, ಹತ್ತರಾಗ ಒಂದು ಕಳದ್ರೂ ಗಂಟೇನು ಹೋಗ್ತದ ಅಂತ ಪಾಲಕರ ಮೀಟಿಂಗಿನ್ಯಾಗ ಮಗಳ ಕಡಿಂದ ಹೇಳ್ಸೀನಿ, ನೋಡೂನು ಅಂದಾರಂತ. ಪರೀಕ್ಷಾ ಹತ್ರ ಬಂದ್ರ ಲೈಬ್ರರಿ ಪಿರಿಯಡ್ ಗಣಿತಕ್ಕ ಹೋಗೋದು ಎಲ್ಲಾ ಸಾಲ್ಯಾಗೂ ಇದ್ದದ್ದೇ, ಇಲ್ಲೂ ಅದೇ ಕಥೀ.

ಮತ್ತ ಒಂದು ಕಾಚಿನ ಕಪಾಟು ಅದ, ಹೊಸಾ ಪುಸ್ತಕ, ಮುಟ್ಟಿದ್ರ ಎದ್ದು ನಿಲ್ಲೋ ಚಿತ್ರದ ದುಬಾರಿ ಪುಸ್ತಕ ಎಲ್ಲಾ ಅದರೊಳಗ. ಕೀಲಿ ಆಫೀಸಿನ್ಯಾಗ. ಗೋಡಿ ಮ್ಯಾಲಿನ ಮೊದಲನೇ ಸೂತ್ರದ ಕೆಳಗೇ ಇಟ್ಟಾರ ಅದನ್ನ!

ಹೋಗೋದಿದ್ರ ಎರಡನೇ ಶನಿವಾರ ಮುಂಜಾನೆ ಹತ್ತರ ಮ್ಯಾಲೆ ಹೋಗ್ರಿ, ಅಡ್ಮಿಷನ್ ವಿಚಾರಿಸ್ಲಿಕ್ಕೆ ಬಂದವರನ್ನೂ ಅವತ್ತು ಒಳಗ ಕೂಡಿಸಿಕೋತಾರ, ಗೇಟಿನ್ಯಾಗ ಆಧಾರ್ ಕಾರ್ಡ್ ತೋರಿಸಿ ಹೆಸರು ಬರಸಬೇಕು. ಕಥೀ ಹೇಳೋ ಮನಸಿದ್ರ ತಾಈಗೆ ಒಂದು ವಾರ ಮೊದಲ ತಿಳಸ್ರಿ, ಕನ್ನಡದಾಗ ಹೇಳ್ತೀವಿ ಅಂದ್ರ ಖುಷಿಲೆ ಹೂಂ ಅಂತಾಳ. ಚಪ್ಲಿ ಹೊರಗ ಬಿಡಬೇಕು, ಕೂಡೋದು ಜಮಖಾನಿ ಮ್ಯಾಲೆ, ನನ್ನಂಗ ಮಳಕಾಲು ಬ್ಯಾನಿ ಇದ್ದವರು ಸಿಪಾಯಿಗೆ ಹೇಳಿ ಕುರ್ಚಿ ಮೊದಲ ತರಿಸಿಕೊಂಡುಬಿಡ್ರಿ, ಕಥೀ ಶುರು ಆದ ಮ್ಯಾಲೆ ಹುಡುಗೂರನ್ನ ದಾಟಿ ಕುರ್ಚಿ ಒಳಗ ತರ್ಲಿಕ್ಕೆ ಜಾಗಾನೇ ಇರೂದಿಲ್ಲ.